ಅರ್ಜಿ ಕೊಡುವ ಸಭೆ, ಲೆಕ್ಕ ಕೇಳುವ ಸಭೆ

ಅರ್ಜಿ ಬರೆದು ಹೊಟ್ಟೆ ಹೊರೆಯುವವನು ನಾನು. ಊರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ. ಖಾತೆ ಬದಲಾವಣೆ, ಪೋಡಿ, ಹೊಲದ ದಾರಿಯ ತಕರಾರು, ಬಗರ್‌ಹುಕುಂ ಸಾಗುವಳಿಯ ನಮೂನೆ 50, 53, 57, ಆನೆ ತುಳಿದ ಜೋಳಕ್ಕೆ ಪರಿಹಾರ, ಗೊರೂರಿನ ಅಣೆಕಟ್ಟೆಯಿಂದ ಮನೆಮಠ ಮುಳುಗಿದವರ ಬದಲಿ ಜಮೀನು – ಎಲ್ಲಕ್ಕೂ ‘ಮಾನ್ಯರೇ’ ಎಂದು ತೊಡಗಿ ‘ತಮ್ಮ ವಿಧೇಯ’ ಎಂದು ಮುಗಿಸುವ ಕಾಗದ ನನ್ನದು. ಇಷ್ಟೆಲ್ಲ ಬರೆದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಕಾಗದ ಎಷ್ಟು ಚೆಂದ ಬರೆದಿದೆ ಎನ್ನುವುದರಿಂದ ಕೆಲಸ ಆಗುವುದಿಲ್ಲ. ಕೊಟ್ಟವನನ್ನು ಬರಿಗೈಲಿ ಕಳಿಸಿದರೆ ತನಗೇನಾದೀತು ಎಂದು ಕುರ್ಚಿಯಲ್ಲಿ ಕೂತವನು ಒಂದು ಗಳಿಗೆ ಯೋಚಿಸಬೇಕು. ಆಗ ಮಾತ್ರ ಆಗುತ್ತದೆ.

ಒಬ್ಬ ರೈತನಿಗೆ ಸಲ್ಲುವ ಈ ಮಾತು ಇಡೀ ದೇಶಕ್ಕೂ ಸಲ್ಲುತ್ತದೆ. ಜನರ ಹೆಸರಿನಲ್ಲಿ ಸೇರುವ ಯಾವ ಸಭೆಯನ್ನೇ ತೆಗೆದುಕೊಳ್ಳಿ, ಎರಡು ಪ್ರಶ್ನೆ ಕೇಳಿದರೆ ಅದರ ಬಂಡವಾಳ ತಿಳಿಯುತ್ತದೆ. ಅದು ಯಾರ ಮರ್ಜಿಯಿಂದ ಸೇರುತ್ತದೆ? ದುಡ್ಡಿನ ಚೀಲದ ದಾರ ಯಾರ ಕೈಯಲ್ಲಿದೆ? ಇವೆರಡೂ ಸಭೆಯ ಕೈಯಲ್ಲಿಲ್ಲದಿದ್ದರೆ ಅದು ಅರ್ಜಿ ಕೊಡುವ ಸಭೆ. ಇದ್ದರೆ ಲೆಕ್ಕ ಕೇಳುವ ಸಭೆ. ಇಂಗ್ಲೆಂಡಿನವರು ಒಂದರಿಂದ ಇನ್ನೊಂದಕ್ಕೆ ಬರಲು ರಕ್ತ ಹರಿಸಿದರು. ನಮ್ಮ ಮೈಸೂರಿನವರಿಗೆ 66 ವರ್ಷ ಹಿಡಿಯಿತು. ಕಾನೂನಿನಲ್ಲಿ ಇವತ್ತು ಎರಡೂ ನಮಗಿವೆ. ಆದರೂ ನಾವು ಮತ್ತೆ ಅರ್ಜಿಯ ಕಡೆಗೇ ವಾಲುತ್ತಿದ್ದೇವೆ ಎನ್ನುವುದು ನನ್ನ ದೂರು.

ಬಿ.ಎ. ಓದುವಾಗ ಇಂಗ್ಲೆಂಡಿನ ಚರಿತ್ರೆ ನಮಗೊಂದು ವಿಷಯವಾಗಿತ್ತು. ಅಂದು ಪರೀಕ್ಷೆಗಾಗಿ ಉರು ಹೊಡೆದ ಒಂದನೇ ಚಾರ್ಲ್ಸ್ ದೊರೆಯ ಕಥೆ ಅರ್ಜಿ ಬರೆಯಲು ಕೂತ ಮೇಲೆ ಬೇರೆ ಬಗೆಯಾಗಿ ಕಾಣತೊಡಗಿತು. 1625ರಲ್ಲಿ ಪಟ್ಟಕ್ಕೆ ಬಂದ ಚಾರ್ಲ್ಸ್‌ಗೆ ಸ್ಪೇನಿನ ಮೇಲೆ ಯುದ್ಧ, ಆಮೇಲೆ ಫ್ರಾನ್ಸಿನ ಮೇಲೂ ಯುದ್ಧ. ಯುದ್ಧಕ್ಕೆ ಹಣ ಬೇಕು. ಆಮದು ರಫ್ತಿನ ಸುಂಕವನ್ನು ಹೊಸ ದೊರೆಗೆ ಆಜೀವಪರ್ಯಂತ ಬಿಟ್ಟುಕೊಡುವುದು ಅಲ್ಲಿಯ ವಾಡಿಕೆ. ಈ ದೊರೆಯ ಮೇಲೆ ನಂಬಿಕೆ ಸಾಲದೆ ಜನಪ್ರತಿನಿಧಿಗಳ ಸಭೆ ಒಂದೇ ವರ್ಷಕ್ಕೆ ಕೊಡುತ್ತೇವೆ ಎಂದಿತು. ದೊರೆ ಕೇಳಲಿಲ್ಲ, ಸುಂಕ ಎತ್ತುತ್ತಲೇ ಹೋದ. ಸಾಲದ್ದಕ್ಕೆ ಉಳ್ಳವರಿಂದ ಬಲವಂತದ ಸಾಲ ವಸೂಲಿ ಮಾಡಿದ, ಕೊಡದವರನ್ನು ಕಾರಣ ಹೇಳದೆ ಜೈಲಿಗೆ ಹಾಕಿದ.

1628ರಲ್ಲಿ ಸಂಸತ್ತು ಅವನ ಮುಂದೊಂದು ಅರ್ಜಿ ಇಟ್ಟಿತು. ಚರಿತ್ರೆಯಲ್ಲಿ ‘ಹಕ್ಕುಗಳ ಅರ್ಜಿ’ ಎಂದೇ ಅದರ ಹೆಸರು. ಎಡ್ವರ್ಡ್ ಕೋಕ್ ಎಂಬ ಹಿರಿಯ ವಕೀಲ ಅದರ ಹಿಂದಿದ್ದವರಲ್ಲಿ ಮುಖ್ಯ. ಸಂಸತ್ತು ಒಪ್ಪದೆ ತೆರಿಗೆ ಕೂಡದು, ಕಾರಣವಿಲ್ಲದೆ ಸೆರೆ ಕೂಡದು, ಮನೆಮನೆಗೆ ಸೈನಿಕರನ್ನು ತಂದು ಇಳಿಸಕೂಡದು, ಶಾಂತಿಯ ಕಾಲದಲ್ಲಿ ಸೇನಾ ಕಾನೂನು ಕೂಡದು – ನಾಲ್ಕೇ ಬೇಡಿಕೆ. ಚಾರ್ಲ್ಸ್ ಮೊದಲು ಕೊಟ್ಟ ಉತ್ತರ ನನ್ನಂಥವನಿಗೆ ಚೆನ್ನಾಗಿ ಪರಿಚಯದ್ದು. ರಾಜ್ಯದ ಕಾನೂನಿನಂತೆ, ರೂಢಿಯಂತೆ ನ್ಯಾಯ ನಡೆಯಲಿ ಎಂಬರ್ಥದ ನಾಲ್ಕು ಮಾತು, ಅಷ್ಟೆ. ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು’ ಎಂದು ನಮ್ಮ ಕಚೇರಿಗಳು ಕೊಡುವ ಹಿಂಬರಹದ ಜಾತಿಯದೇ ಅದು. ಒಪ್ಪಿದ ಹಾಗೂ ಇರಬೇಕು, ಕೈಗೆ ಏನೂ ಸಿಗಲೂಬಾರದು.

ನಮ್ಮ ರೈತ ಅಂಥ ಹಿಂಬರಹವನ್ನು ಮಡಚಿ ಜೇಬಿಗಿಟ್ಟು ಬಸ್ಸು ಹತ್ತುತ್ತಾನೆ. ಲಂಡನ್ನಿನ ಸಂಸತ್ತು ಹತ್ತಲಿಲ್ಲ. ಪದ್ಧತಿಯ ಪ್ರಕಾರ ಯಾವ ಮಾತಿನಲ್ಲಿ ಸಮ್ಮತಿ ಕೊಡಬೇಕೋ ಆ ಮಾತಿನಲ್ಲೇ ಕೊಡಿ ಎಂದು ಪಟ್ಟು ಹಿಡಿಯಿತು. ದೊರೆಗೆ ಬೇಕಾಗಿದ್ದ ಐದು ಕಂತಿನ ತೆರಿಗೆ ಹಣಕ್ಕೆ ಸಂಸತ್ತಿನ ಮಂಜೂರಾತಿ ಬಾಕಿ ಇತ್ತಲ್ಲ, ಪಟ್ಟಿಗೆ ಬಲ ಬಂದದ್ದು ಅದರಿಂದ. ಜೂನ್ 7ರಂದು ಚಾರ್ಲ್ಸ್ ಸರಿಯಾದ ಮಾತಿನಲ್ಲಿ ಸಮ್ಮತಿಸಿದ. ಕೋಕ್‌ನ ಪಾಂಡಿತ್ಯ ದೊಡ್ಡದೇ ಇರಬಹುದು. ದೊರೆಯ ಕೈ ತಿರುಚಿದ್ದು ಮಾತ್ರ ಆ ಬಾಕಿ ಹಣ.

ಹಣ ಬಂದ ಮೇಲೆ ದೊರೆ ತನ್ನ ಬುದ್ಧಿ ತೋರಿಸಿದ. 1629ರ ಮಾರ್ಚಿನಲ್ಲಿ ಸಭೆ ಮುಂದೂಡಿ ಎಂದು ಆಜ್ಞೆ ಬಂತು. ಸ್ಪೀಕರ್ ಫಿಂಚ್ ಏಳಲು ಹೋದರೆ ಸದಸ್ಯರು ಅವನನ್ನು ಹಿಡಿದು ಕುರ್ಚಿಯಲ್ಲೇ ಕೂರಿಸಿ ಠರಾವು ಪಾಸು ಮಾಡಿದರು. ಅಲ್ಲಿಂದ ಹನ್ನೊಂದು ವರ್ಷ ಚಾರ್ಲ್ಸ್ ಸಂಸತ್ತನ್ನೇ ಕರೆಯಲಿಲ್ಲ. ಖರ್ಚಿಗೆ ಏನು ದಾರಿ? ಹಿಂದೆ ಯುದ್ಧಕಾಲದಲ್ಲಿ ಬಂದರು ಪಟ್ಟಣಗಳಿಂದ ಹಡಗಿಗೆಂದು ಎತ್ತುತ್ತಿದ್ದ ಹಣವೊಂದಿತ್ತು. ಅದನ್ನು 1634ರಲ್ಲಿ ಶಾಂತಿಯ ಕಾಲದಲ್ಲೇ ಹೊರಡಿಸಿದ. ಮರುವರ್ಷ ಸಮುದ್ರ ಕಾಣದ ಒಳನಾಡಿಗೂ ಹೇರಿದ. ಜಾನ್ ಹ್ಯಾಂಪ್‌ಡನ್ ಎಂಬ ಜಮೀನ್ದಾರ 20 ಶಿಲ್ಲಿಂಗ್ ಕೊಡಲು ಒಲ್ಲೆ ಎಂದ, ವಿಷಯ ನ್ಯಾಯಾಲಯಕ್ಕೆ ಹೋಯಿತು. ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಮಂದಿ ದೊರೆಯ ಪರ, ಐವರು ಹ್ಯಾಂಪ್‌ಡನ್ ಪರ. ಸೋತವನ ಹೆಸರೇ ನಿಂತಿತು. 20 ಶಿಲ್ಲಿಂಗ್ ಅವನಿಗೊಂದು ಲೆಕ್ಕವಲ್ಲ. ಯಾರ ಒಪ್ಪಿಗೆಯ ಮೇಲೆ ಕೇಳುತ್ತೀರಿ ಎನ್ನುವುದು ಲೆಕ್ಕ.

ಮುಂದಿನದು ಓದಿದವರಿಗೆ ಗೊತ್ತಿರುವುದೇ. ಸ್ಕಾಟ್‌ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ದೊರೆ ದಂಗೆ ತಂದುಕೊಂಡ. ಬೊಕ್ಕಸ ಬರಿದಾಗಿ 1640ರಲ್ಲಿ ಸಂಸತ್ತು ಕರೆಯದೆ ವಿಧಿ ಇರಲಿಲ್ಲ. ಮೊದಲ ಸಲ ಕರೆದು ಮೂರು ವಾರಕ್ಕೆ ಮನೆಗೆ ಕಳಿಸಿದ. ನವೆಂಬರಿನಲ್ಲಿ ಮತ್ತೆ ಕರೆದದ್ದು ಅವನ ಕೈಮೀರಿತು. ಮೂರು ವರ್ಷಕ್ಕೊಮ್ಮೆಯಾದರೂ ಸಂಸತ್ತು ಸೇರಲೇಬೇಕು, ತನ್ನ ಒಪ್ಪಿಗೆಯಿಲ್ಲದೆ ಈ ಸಂಸತ್ತು ವಿಸರ್ಜನೆಯಾಗಕೂಡದು ಎಂದು 1641ರಲ್ಲಿ ಅದು ಕಾನೂನು ಮಾಡಿಸಿಕೊಂಡಿತು. 1642ರ ಜನವರಿ 4ರಂದು ದೊರೆ ಸೈನಿಕರೊಂದಿಗೆ ಸಭೆಯೊಳಗೆ ಬಂದು ಐವರು ಸದಸ್ಯರನ್ನು ಒಪ್ಪಿಸಿ ಎಂದ. ಸಭೆ ಅಪ್ಪಣೆ ಕೊಡದೆ ನನಗೆ ಕಣ್ಣೂ ಕಾಣದು, ನಾಲಿಗೆಯೂ ಆಡದು ಎಂದು ಸ್ಪೀಕರ್ ಲೆಂಥಾಲ್ ಉತ್ತರಿಸಿದ. ವರ್ಷ ತುಂಬುವ ಮೊದಲೇ ಯುದ್ಧ. 1649ರ ಜನವರಿ 30ರಂದು ದೊರೆಯ ಶಿರಚ್ಛೇದ.

ಚಾರ್ಲ್ಸ್ ದುಷ್ಟನೇನಲ್ಲ. ದೈವಭಕ್ತ, ಹೆಂಡತಿ ಮಕ್ಕಳನ್ನು ಪ್ರೀತಿಯಿಂದ ಕಂಡವನು, ಚಿತ್ರಕಲೆಯ ರಸಿಕ. ಅತ್ತ ಸಂಸತ್ತಿನಲ್ಲಿ ಕೂತವರೂ ಬಡವರ ಬಂಧುಗಳಲ್ಲ, ಭೂಮಾಲೀಕರು, ವಕೀಲರು, ವರ್ತಕರು. ತಲೆ ತೆಗೆದದ್ದರಿಂದ ಜನಕ್ಕೆ ರಾಜ್ಯ ಬಂತೆಂದೂ ಇಲ್ಲ. ನಾಲ್ಕೇ ವರ್ಷದಲ್ಲಿ, 1653ರ ಏಪ್ರಿಲಿನಲ್ಲಿ, ಸೇನಾಪತಿ ಕ್ರಾಮ್‌ವೆಲ್ ಸಿಪಾಯಿಗಳನ್ನು ತಂದು ಅದೇ ಸಂಸತ್ತನ್ನು ಹೊರದಬ್ಬಿದ. 1660ರಲ್ಲಿ ಚಾರ್ಲ್ಸನ ಮಗನೇ ಮತ್ತೆ ಪಟ್ಟವೇರಿದ. ಉಳಿದು ಬಾಳಿದ್ದು 1689ರ ಹಕ್ಕುಗಳ ಕಾನೂನು: ಸಂಸತ್ತು ಒಪ್ಪದೆ ತೆರಿಗೆ ಇಲ್ಲ, ಸಂಸತ್ತು ಮತ್ತೆಮತ್ತೆ ಸೇರುತ್ತಿರಬೇಕು. ನಾನು ಮೊದಲಿಗೆ ಕೇಳಿದ ಎರಡು ಪ್ರಶ್ನೆಗೂ ಅಲ್ಲಿ ಉತ್ತರ ಸಿಕ್ಕಿತ್ತು.

ಈಗ ನಮ್ಮ ಸೀಮೆಗೆ ಬರೋಣ. ಐವತ್ತು ವರ್ಷದ ಬ್ರಿಟಿಷ್ ಕಮಿಷನರುಗಳ ಆಡಳಿತ ಮುಗಿದು 1881ರ ಮಾರ್ಚಿನಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಆಗ ಹದಿನೆಂಟರ ಪ್ರಾಯ. 1876–78ರ ಭೀಕರ ಬರದಿಂದ ರಾಜ್ಯ ಇನ್ನೂ ಚೇತರಿಸಿಕೊಂಡಿರಲಿಲ್ಲ, ತಲೆಯ ಮೇಲೆ ಸಾಲವಿತ್ತು. ಬ್ರಿಟಿಷರಿಗೆ ಕಟ್ಟುವ ಪೊಗದಿಯನ್ನು ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸುವ ಷರತ್ತೂ ಸೇರಿಕೊಂಡಿತ್ತು. ಆ ವರ್ಷದ ಆಗಸ್ಟಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯ ಆಜ್ಞೆ ಹೊರಡಿಸಿದರು. ಅಕ್ಟೋಬರ್ 7ರಂದು ಮೈಸೂರಿನಲ್ಲಿ, ದಸರಾ ಕಾಲದಲ್ಲಿ, 144 ಮಂದಿ ಸೇರಿದರು. ತಾಲ್ಲೂಕಿಗೆ ಒಬ್ಬಿಬ್ಬರು ರೈತರು, ಜೊತೆಗೆ ಆಯ್ದ ವರ್ತಕರು. ದೇಶದ ಸಂಸ್ಥಾನಗಳಲ್ಲಿ ಇಂಥದ್ದು ಮೊದಲು ಕಂಡದ್ದು ನಮ್ಮಲ್ಲೇ ಎಂದು ನಾವು ಹೆಮ್ಮೆಪಡುತ್ತೇವೆ. ಪಡಬೇಕಾದದ್ದೇ.

ಹೆಮ್ಮೆಯ ಜೊತೆಗೆ ಆ ಸಭೆಗೆ ಏನಿರಲಿಲ್ಲ ಎನ್ನುವುದನ್ನೂ ನೋಡಬೇಕು. ದಿವಾನರು ರಾಜ್ಯದ ಆದಾಯ, ಖರ್ಚು, ಮುಂದಿನ ಯೋಜನೆಗಳನ್ನು ಓದಿ ಹೇಳುತ್ತಿದ್ದರು. ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆ ಮುಂದಿಡುತ್ತಿದ್ದರು – ಕೆರೆ ಒಡೆದಿದೆ, ರಸ್ತೆ ಬೇಕು, ಕಂದಾಯ ಹೆಚ್ಚಾಯಿತು, ಕಾಡಿನಲ್ಲಿ ಸೌದೆಗೆ ಬಿಡುತ್ತಿಲ್ಲ. ದಿವಾನರು ಉತ್ತರಿಸುತ್ತಿದ್ದರು. ಮತ ಹಾಕುವಂತಿಲ್ಲ, ಆಯವ್ಯಯ ತಡೆಯುವಂತಿಲ್ಲ. ಬಹುಕಾಲ ಸಭೆಯ ಅಧ್ಯಕ್ಷರೂ ದಿವಾನರೇ. ಪ್ರಶ್ನೆಗೆ ಉತ್ತರ ಹೇಳಬೇಕಾದವರೇ ಪ್ರಶ್ನೆ ಕೇಳಲು ಅಪ್ಪಣೆ ಕೊಡುವವರಾದರೆ ಅಲ್ಲಿ ಲೆಂಥಾಲ್ ಹುಟ್ಟುವುದೆಲ್ಲಿಂದ? ಪೊಗದಿಯ ಮಾತಂತೂ ದೂರವೇ ಉಳಿಯಿತು. ನಮ್ಮ ದೊರೆಯ ಮೇಲೊಬ್ಬ ದೊರೆ ಇದ್ದ; ಬೆಂಗಳೂರಿನ ರೆಸಿಡೆಂಟರ ಮೂಲಕ ಅವನ ಮಾತು ಬರುತ್ತಿತ್ತು. ಇಂಗ್ಲೆಂಡಿನ ಜನ ತಮ್ಮ ದೊರೆಯಿಂದ ಕಸಿದುಕೊಂಡ ಹಕ್ಕನ್ನು ಇಂಗ್ಲೆಂಡಿನ ಸರ್ಕಾರವೇ ನಮಗೆ ಕೊಡದೆ ಕೂತಿತ್ತು.

ಆಮೇಲೆ ಬಂದದ್ದೆಲ್ಲ ಅಳೆದು ತೂಗಿ ಕೊಟ್ಟದ್ದು. 1907ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಮರುವರ್ಷವೇ ಅದೇ ದಿವಾನರ ಪತ್ರಿಕಾ ಶಾಸನ ಬಂತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಇಲ್ಲ ಎಂದಾಗ ತಾತಯ್ಯ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಬಜೆಟ್ ಚರ್ಚೆಗೆ ಅವಕಾಶವಾಯಿತು. ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ಮೇಲೆ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ಸಿಕ್ಕಿತು. ಹೊಸ ತೆರಿಗೆಗೆ ಮುನ್ನ ಅದರ ಅಭಿಪ್ರಾಯ ಕೇಳಬೇಕೆಂದಾಯಿತು. ನ್ಯಾಯವಿಧಾಯಕ ಸಭೆ ಖರ್ಚಿನ ಕೆಲವು ಬಾಬುಗಳ ಮೇಲೆ ಮತ ಹಾಕಬಹುದಾಯಿತು. ಆದರೆ ಮಂತ್ರಿಯನ್ನು ಇಳಿಸುವ ಶಕ್ತಿ ಯಾವ ಸಭೆಗೂ ಇಲ್ಲ. ಕಡೆಯ ಮಾತು ಅರಮನೆಯದು.

ಇಷ್ಟರಲ್ಲಿ ಜನ ಸಭೆಯ ಹೊರಗೆ ಮಾತಾಡತೊಡಗಿದ್ದರು. 1930ರ ದಶಕದ ಆರಂಭದಲ್ಲಿ ಮಂಡ್ಯದ ಕಡೆಯ ರೈತರು ಇರ್ವಿನ್ ನಾಲೆಯ ನೀರಿನ ದರದ ವಿರುದ್ಧ ಚಳವಳಿ ಹೂಡಿದರು. 1938ರ ಏಪ್ರಿಲಿನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ನಿಷೇಧ ಮೀರಿ ಧ್ವಜ ಹಾರಿತು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಒಪ್ಪಂದ ಮಾಡಿದರು. ಸುಧಾರಣೆಯ ಸಮಿತಿ ಕೂತಿತು, ವರದಿ ಬಂತು. ಸಭೆಗೆ ಹೊಣೆಯಾದ ಸರ್ಕಾರ ಮಾತ್ರ ಬರಲಿಲ್ಲ.

1947ರ ಆಗಸ್ಟ್ 15 ಬಂದರೂ ಮೈಸೂರಿನಲ್ಲಿ ಅಂಥ ಸರ್ಕಾರ ಬಂದಿರಲಿಲ್ಲ. ಜಯಚಾಮರಾಜ ಒಡೆಯರು ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ರಾಜ್ಯದೊಳಗಿನ ಅಧಿಕಾರ ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರ ಕೈಯಲ್ಲೇ ಇತ್ತು. ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಚಳವಳಿ. ಕೆ.ಸಿ. ರೆಡ್ಡಿಯವರೂ ಇತರ ಮುಖಂಡರೂ ಬಂಧನಕ್ಕೊಳಗಾದರು, ವಿದ್ಯಾರ್ಥಿಗಳು ಶಾಲೆ ಬಿಟ್ಟರು, ಗಿರಣಿ ಕಾರ್ಮಿಕರು ಬೀದಿಗಿಳಿದರು, ಊರೂರ ತಾಲ್ಲೂಕು ಕಚೇರಿಗಳ ಮುಂದೆ ಜನ ನೆರೆದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಲ್ಲಿಯ ರಾಮಸ್ವಾಮಿ ವೃತ್ತದಲ್ಲಿ ಬಸ್ಸಿಳಿಯುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಆ ಹೆಸರು ಯಾರದೆಂದು ಗೊತ್ತೋ ಕಾಣೆ. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು, ಕೆ.ಸಿ. ರೆಡ್ಡಿ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. 1881ರಿಂದ ಲೆಕ್ಕ ಹಾಕಿದರೆ 66 ವರ್ಷ.

ಆ ಚಳವಳಿಯ ಒಂದು ಘೋಷಣೆ ಇವತ್ತಿಗೂ ಹಳಬರ ಬಾಯಲ್ಲಿದೆ: ‘ಆರ್ಕಾಟ್ ಬಾಯ್‌ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ’. ಆರ್ಕಾಟ್ ಎಂದರೆ ದಿವಾನರು, ತಂಬೂಚೆಟ್ಟಿ ಎಂದರೆ ಮಹಾರಾಜರ ಆಪ್ತ ಕಾರ್ಯದರ್ಶಿ. ಮಹಾರಾಜರ ಹೆಸರು ಅಲ್ಲಿಲ್ಲ! ಇಂಗ್ಲೆಂಡಿನಲ್ಲೂ ಬಹುಕಾಲ ಹೀಗೇ ನಡೆಯಿತು. ದೊರೆ ಒಳ್ಳೆಯವನು, ಸುತ್ತ ಇರುವವರು ಕೆಟ್ಟವರು ಎಂದೇ ಸಂಸತ್ತು ಹೇಳುತ್ತಿತ್ತು. ಮೊದಲು ಬಕಿಂಗ್‌ಹ್ಯಾಮ್ ಡ್ಯೂಕನ ಮೇಲೆ, ಆಮೇಲೆ ಸ್ಟ್ರಾಫರ್ಡನ ಮೇಲೆ ಅದರ ಕಣ್ಣು. 1641ರಲ್ಲಿ ಸ್ಟ್ರಾಫರ್ಡನ ತಲೆ ಉರುಳಿದ್ದಕ್ಕೆ ಚಾರ್ಲ್ಸನೇ ಸಹಿ ಹಾಕಬೇಕಾಯಿತು. ನನ್ನ ಮುಂದೆ ಕೂತು ಕಾಗದ ಬರೆಸುವವರ ಬಾಯಲ್ಲೂ ಇದೇ ಮಾತು: “ಎಮ್ಮೆಲ್ಲೆ ಸಾಹೇಬ್ರು ಒಳ್ಳೇರೇ ಕಣಣ್ಣ, ಆ ಪಿಎನೇ ಸರಿಯಿಲ್ಲ.” ಪಿಎ ಬದಲಾಗುತ್ತಾನೆ. ರಸ್ತೆಯ ಗುಂಡಿ ಹಾಗೇ ಇರುತ್ತದೆ.

ಒಡೆಯರ ಕಾಲ ಚೆನ್ನಾಗಿರಲಿಲ್ಲವೇ ಎಂದು ನಮ್ಮಲ್ಲಿ ಕೇಳುವವರಿದ್ದಾರೆ. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾಲಯ, ಮೈಸೂರು ಬ್ಯಾಂಕು – ಯಾರು ಅಲ್ಲಗಳೆದಾರು? ನಾಲ್ವಡಿ ಕೃಷ್ಣರಾಜ ಒಡೆಯರ ಪಟ ಇಂದಿಗೂ ನಮ್ಮ ಕಡೆಯ ಎಷ್ಟೋ ಮನೆಗಳ ಗೋಡೆಯ ಮೇಲಿದೆ, ಇರಲಿ. ಆದರೆ ಒಳ್ಳೆಯ ದೊರೆ ಸಿಕ್ಕಿದ್ದು ಪುಣ್ಯ. ಪುಣ್ಯವನ್ನು ನೆಚ್ಚಿ ರಾಜ್ಯ ನಡೆಸಲಾಗದು. ಒಳ್ಳೆಯವನು ತಪ್ಪು ಮಾಡಿದಾಗ ತಡೆಯುವ ದಾರಿ ಬೇಕು, ಅವನ ಜಾಗಕ್ಕೆ ಬೇರೆಯವನು ಬಂದಾಗಲಂತೂ ಬೇಕೇ ಬೇಕು. ನಮ್ಮಲ್ಲಿ ಆ ದಾರಿ ತಲೆ ತೆಗೆಯದೆ ಸಿಕ್ಕಿತು. ಜಯಚಾಮರಾಜ ಒಡೆಯರು ರಾಜಪ್ರಮುಖರಾದರು, 1956ರಿಂದ ರಾಜ್ಯಪಾಲರಾದರು. ಯಾವ ಮನೆತನದ ಮುಂದೆ ಪ್ರತಿನಿಧಿಗಳು ಬೇಡಿಕೆ ಹಿಡಿದು ನಿಲ್ಲುತ್ತಿದ್ದರೋ ಆ ಮನೆತನದ ಅರಸರು ಮಂತ್ರಿಮಂಡಲ ಬರೆದುಕೊಟ್ಟ ಭಾಷಣವನ್ನು ವಿಧಾನಮಂಡಲದ ಮುಂದೆ ಓದಿದರು. ಇದು ಅವರ ದೊಡ್ಡತನವೂ ಹೌದು, ನಮ್ಮ ಸಂವಿಧಾನದ ಗೆಲುವೂ ಹೌದು.

ಆ ಗೆಲುವಿಗೆ ಕರ್ನಾಟಕ ಮುಂದೆಯೂ ತನ್ನ ಪಾಲು ಸೇರಿಸಿತು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ, ಅವಕಾಶ ಕೊಡಿ ಎಂದು ಅವರು ಕೇಳಿದ್ದರು, ರಾಜ್ಯಪಾಲರು ಒಪ್ಪಿರಲಿಲ್ಲ. ಬಹುಮತ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಇಂದು ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ಬೊಮ್ಮಾಯಿ ಹೆಸರು ಹೇಳದೆ ವಾದ ಸಾಗುವುದಿಲ್ಲ. ಮೂರು ವರ್ಷದ ನಂತರ ನಮ್ಮ ಜಿಲ್ಲೆಯವರೇ ಆ ಪಾಠದ ಇನ್ನೊಂದು ಮುಖ ಕಂಡರು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ವರ್ಷ ತುಂಬಿರಲಿಲ್ಲ. 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತಕ್ಕೆ 158 ಮತ ಪರ, 292 ವಿರುದ್ಧ. ಹಾಸನದಲ್ಲಿ ಎಷ್ಟೋ ಜನರಿಗೆ ಅಂದು ಊಟ ಸೇರಲಿಲ್ಲ. ಆದರೆ ಸೈನ್ಯ ಬರಲಿಲ್ಲ, ಯಾರೂ ಸೆರೆಯಾಗಲಿಲ್ಲ. ಸಭೆ ಎಣಿಸಿತು, ಪ್ರಧಾನಿ ಇಳಿದರು. ಚಾರ್ಲ್ಸ್ ಒಪ್ಪದೇ ಹೋದದ್ದು ಇದನ್ನೇ.

ಇಷ್ಟು ದೂರ ಬಂದವರು ಈಗ ಏನು ಮಾಡುತ್ತಿದ್ದೇವೆ? ಶಾಸನಸಭೆಯ ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಕೂಡದು ಎಂದು ಸಂವಿಧಾನದ 174ನೇ ವಿಧಿ ಹೇಳುತ್ತದೆ, ಕಾನೂನಿನ ಆಧಾರವಿಲ್ಲದೆ ತೆರಿಗೆ ಇಲ್ಲ ಎಂದು 265ನೇ ವಿಧಿ. ವರ್ಷಕ್ಕೆ 60 ದಿನವಾದರೂ ಸದನ ನಡೆಯಬೇಕೆಂದು ನಮ್ಮ ರಾಜ್ಯವೇ 2005ರಲ್ಲಿ ಕಾನೂನು ಮಾಡಿಕೊಂಡಿತು. ಹೆಚ್ಚಿನ ವರ್ಷ ಆ ಗುರಿ ಮುಟ್ಟಲಿಲ್ಲ. ಲಕ್ಷಾಂತರ ಕೋಟಿಯ ಬಜೆಟ್ಟಿನ ಎಷ್ಟೋ ಇಲಾಖೆಗಳ ಬೇಡಿಕೆ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಧ್ವನಿಮತದಲ್ಲಿ ದಾಟುತ್ತದೆ. ಚೀಲದ ದಾರ ಸಭೆಯ ಕೈಯಲ್ಲಿದೆ, ಹಿಡಿದವರಿಗೆ ನೆನಪಿಲ್ಲ. ಇನ್ನೊಂದು ಕಡೆ, ಗೆದ್ದು ಬಂದ ಮಂತ್ರಿಗಳು ಜನತಾ ದರ್ಶನ ನಡೆಸುತ್ತಾರೆ. ಬೆಳಿಗ್ಗೆಯಿಂದ ಸಾಲು, ಕೈಯಲ್ಲಿ ನನ್ನಂಥವನು ಬರೆದುಕೊಟ್ಟ ಕಾಗದ, ಮೇಲೊಂದು ಶೆರಾ. ಕಷ್ಟದಲ್ಲಿರುವವನಿಗೆ ಅದೂ ಬೇಕು, ನಾನು ಬೇಡವೆನ್ನಲಾರೆ. ಆದರೆ ಪಿಂಚಣಿ ನಿಂತ ಮುದುಕಿ ಮುಖ್ಯಮಂತ್ರಿಯ ಮುಂದೆ ಹೋಗಿ ನಿಲ್ಲಬೇಕಾಗಿ ಬಂದರೆ ನಡುವಿನ ಸಭೆಗಳೆಲ್ಲ ಕೆಲಸ ನಿಲ್ಲಿಸಿವೆ ಎಂದೇ ಅರ್ಥ.

ನಡುವಿನ ಸಭೆಗಳು ನಿಜಕ್ಕೂ ಖಾಲಿಯಾಗಿದ್ದವು. ಅಬ್ದುಲ್ ನಜೀರ್ ಸಾಬ್ ಅವರ ದುಡಿಮೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿಸಬೇಕೆನ್ನುತ್ತದೆ ಸಂವಿಧಾನದ 243-ಇ ವಿಧಿ. ಕ್ಷೇತ್ರ ವಿಂಗಡಣೆ ಎಂದರು, ಮೀಸಲಾತಿ ಎಂದರು, ನ್ಯಾಯಾಲಯದಲ್ಲಿದೆ ಎಂದರು. ಸರ್ಕಾರ ಬದಲಾಯಿತು, ಆಳುವ ಪಕ್ಷವೂ ಬದಲಾಯಿತು. ವರ್ಷಗಟ್ಟಲೆ ಆ ಕುರ್ಚಿಗಳಲ್ಲಿ ಆಡಳಿತಾಧಿಕಾರಿಗಳೇ ಕೂತರು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು ಎಲ್ಲ ಕಡೆಯೂ ಇದೇ ಕಥೆ. ಅಧಿಕಾರಿಗಳು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಚಾರ್ಲ್ಸನ ಹನ್ನೊಂದು ವರ್ಷದಲ್ಲೂ ಆಡಳಿತ ನಡೆದೇ ಇತ್ತು. ನಡೆಯದೇ ಇದ್ದದ್ದು ಪ್ರಶ್ನೆ. ಅವನು ಸಂಸತ್ತು ಕರೆಯದಿದ್ದಾಗ ಇಂಗ್ಲೆಂಡ್ ಕುದಿಯಿತು. ನಮ್ಮಲ್ಲಿ ಜಿಲ್ಲೆಯ ಸಭೆ ವರ್ಷಗಟ್ಟಲೆ ಸೇರದಿದ್ದರೂ ಚಹಾದಂಗಡಿಯಲ್ಲಿ ಅದು ಮಾತಿಗೂ ಬರಲಿಲ್ಲ.

ಉಳಿದದ್ದು ಗ್ರಾಮಸಭೆ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕಾದ ಸಭೆ; ಮತದಾರರೆಲ್ಲ ಅದರ ಸದಸ್ಯರು, ಯಾರೂ ನಾಮಕರಣ ಮಾಡಬೇಕಿಲ್ಲ. 1881ರ ಆ 144 ಮಂದಿಗೆ ಇಲ್ಲದಿದ್ದ ಅಧಿಕಾರ ಇವತ್ತು ನಮ್ಮ ಹೋಬಳಿಯ ಕೂಲಿ ಹೆಂಗಸಿಗಿದೆ. ಲೆಕ್ಕ ನೋಡುವುದಕ್ಕೆಂದೇ ವರ್ಷಕ್ಕೊಮ್ಮೆ ಜಮಾಬಂದಿ ಇದೆ. ನಾವು ಹೋಗುವುದು ಯಾವಾಗ? ವಸತಿ ಯೋಜನೆಯ ಫಲಾನುಭವಿ ಪಟ್ಟಿ ಓದುವ ದಿನ. ಹೆಸರು ಬಂದರೆ ಸಂತೋಷ, ಬರದಿದ್ದರೆ ಜಗಳ, ಎರಡರಲ್ಲಿ ಒಂದಾದ ಮೇಲೆ ಎದ್ದು ಮನೆಗೆ. ಜಮಾಖರ್ಚು ಓದುವ ಹೊತ್ತಿಗೆ ಶಾಮಿಯಾನದಡಿ ಕುರ್ಚಿಗಳು ಮಾತ್ರ. ಮನೆಗಂದಾಯದ ರಸೀದಿಯನ್ನೊಮ್ಮೆ ತೆಗೆದು ನೋಡಿ: ಕಂದಾಯದ ಕೆಳಗೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಪರಿಹಾರ ಎಂದು ಸೆಸ್ಸುಗಳ ಸಾಲಿರುತ್ತದೆ. ಗ್ರಂಥಾಲಯಕ್ಕೆಂದು ನನ್ನಿಂದ ತೆಗೆದುಕೊಂಡ ರೂಪಾಯಿ ಗ್ರಂಥಾಲಯಕ್ಕೆ ಹೋಯಿತೇ ಎಂದು ಕೇಳಲು ಹ್ಯಾಂಪ್‌ಡನ್‌ನಷ್ಟು ಆಸ್ತಿ ಬೇಕಿಲ್ಲ, ರಸೀದಿ ಇದ್ದರೆ ಸಾಕು.

ನನ್ನ ಒತ್ತಾಯ ಎರಡು. ಒಂದು ಸರ್ಕಾರಕ್ಕೆ: ಯಾವ ಪಕ್ಷ ಅಧಿಕಾರದಲ್ಲಿದ್ದರೂ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆಯನ್ನು ಕಾಲಕ್ಕೆ ಸರಿಯಾಗಿ ನಡೆಸಬೇಕು, ತಡವಾದರೆ ಆಳುವವರು ಸದನದಲ್ಲಿ ಕಾರಣ ಹೇಳಿ ಹೊಣೆ ಹೊರಬೇಕು. ಇನ್ನೊಂದು ನಮಗೆ: ಮುಂದಿನ ಗ್ರಾಮಸಭೆಗೆ ಬನ್ನಿ. ಕಳೆದ ಸಭೆಯ ಠರಾವಿಗೆ ಏನಾಯಿತು, ಸೆಸ್ಸು ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಕೇಳಿ. ಜಮಾಖರ್ಚಿನ ಪುಟ ಗಟ್ಟಿಯಾಗಿ ಓದಿಸಿ. ನಿಮ್ಮ ಪ್ರಶ್ನೆಯೂ ಅದಕ್ಕೆ ಸಿಕ್ಕ ಉತ್ತರವೂ ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಜಾಗ ಬಿಟ್ಟು ಏಳಬೇಡಿ.